ಎಣ್ಣಿ ದೀಪ

ಬೈರಿದೇವರಕೊಪ್ಪದ ಸಿಗ್ನಲ್ಲಿನಲ್ಲಿ ಕಾರು ನಿಂತ ಕೂಡಲೇ ಸ್ಟೇರಿಂಗಿನ ಹಿಂದಿನ ಕೆಂಪು ದೀಪ ಹತ್ತಿಕೊಂಡಿತು. ಹುಲಗಪ್ಪ ನೋಡಿದ. ಪಕ್ಕದಲ್ಲಿ ಕೂತಿದ್ದ ಮಗಳು ಮಾಯಾಳೂ ನೋಡಿದಳು. ಇಬ್ಬರೂ ನೋಡಿದ್ದು ಇಬ್ಬರಿಗೂ ಗೊತ್ತಾಯಿತು. ಸಿಗ್ನಲ್ಲು ಬಿಟ್ಟು ಗಾಡಿ ಓಡತೊಡಗಿದ ಮೇಲೆ ದೀಪ ಆರಿತು.

ನವನಗರದ ಮನೆ ಮುಟ್ಟುತ್ತಲೇ ಹುಲಗಪ್ಪ ಡಿಕ್ಕಿ ತೆಗೆದ. ಎಣ್ಣೆಯ ಡಬ್ಬಿ, ಲಾಳಿಕೆ, ನಾಲ್ಕು ಮಡಿಕೆ ಮಾಡಿಟ್ಟ ಹಳೆಯ ಅರಿವೆ ಹೊರಗೆ ಬಂದವು. ಬಾನೆಟ್ಟು ಎತ್ತಿ ಲಾಳಿಕೆ ಕೂರಿಸಿ, ಅರಿವೆಯನ್ನು ಅದರ ಬಾಯಿಗೆ ಹಾಸಿ, ಅದರ ಮೇಲೆ ಅರ್ಧ ಲೀಟರ್ ಎಣ್ಣೆಯನ್ನು ಎಳೆ ಕಡಿಯದಂತೆ ಸುರಿದ. ಒಂದು ಹನಿ ಆಚೀಚೆ ಬೀಳಲಿಲ್ಲ. ಕೈ ಒರೆಸಿಕೊಂಡು ಬಾನೆಟ್ಟು ಮುಚ್ಚಿದ.

"ಎಣ್ಣಿ ಕೇಳಿತ್ತು, ಕೊಟ್ಟೆ," ಎಂದ.

ಕಾರು ಬಿಳಿ ಅಂಬಾಸಿಡರ್, ತೊಂಬತ್ತೆಂಟರದ್ದು. ಹುಲಗಪ್ಪ ಸರ್ಕಾರಿ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಚಾಲಕನಾಗಿದ್ದವನು. ಅದರಲ್ಲಿ ಹದಿನಾಲ್ಕು ವರ್ಷ ಇದೇ ಗಾಡಿಯ ಹಿಂದಿನ ಬಾಗಿಲನ್ನು ಸಾಹೇಬರುಗಳಿಗೆ ತೆಗೆದು, ಮುಚ್ಚಿ, ಮತ್ತೆ ತೆಗೆದಿದ್ದ. ಇಲಾಖೆ ಅದನ್ನು ಹರಾಜಿಗಿಟ್ಟಾಗ ತಾನೇ ಕೂಗಿ ಹಿಡಿದ. ಅಂದಿನಿಂದ ಪ್ರತಿ ಏಪ್ರಿಲ್ ಹದಿನಾಲ್ಕಕ್ಕೆ ಓಣಿಯ ಜಯಂತಿ ಮೆರವಣಿಗೆಯಲ್ಲಿ ಬಾಬಾಸಾಹೇಬರ ಭಾವಚಿತ್ರ ಹೊತ್ತು ಮುಂದೆ ಹೋಗುವುದು ಇದೇ ಗಾಡಿ. ಹತ್ತು ವರ್ಷ ಹೋಗಿತ್ತು. ಹೋದ ವರ್ಷ ಅರ್ಧ ದಾರಿಯಲ್ಲಿ ನಿಂತಿತ್ತು.

ಆ ಮಾತು ಅಂದು ಊಟಕ್ಕೆ ಕೂತಾಗ ಬಂತು. ತೆಗೆದವನು ಮಗ ಅಂಬರೀಷ. ತಾಲೂಕು ಪಂಚಾಯತಿಯಲ್ಲಿ ಗುಮಾಸ್ತ, ಜಯಂತಿ ಸಮಿತಿಯ ಕಾರ್ಯದರ್ಶಿ ಕೂಡ.

"ಅಪ್ಪಾ, ಈ ಸಲ ತೆರದ ಜೀಪು ಬಾಡಿಗಿ ತರೂದು ಅಂತ ಸಮಿತಿಯವ್ರು ಅಂದಾರ್ರಿ."

"ಯಾವ ಸಮಿತಿ? ನೀ ಕಾರ್ಯದರ್ಶಿ ಇದ್ದೀಯಲ್ಲ, ಅದ?"

"ಹೌದ್ರಿ."

"ಹಂಗಾರ 'ನಾ ಅಂದೇನಿ' ಅನ್ನು. ಸಮಿತಿ ಹೆಸರು ಯಾಕ ತಗೀತಿ?"

ಅಂಬರೀಷ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ನಾನ ಅಂದೇನ್ರಿ. ಹೋದ ವರ್ಷ ಏನಾತು? ಬಾಬಾಸಾಹೇಬರ ಫೋಟೋ ಕಟ್ಟಿದ ಗಾಡಿನ ಹುಡುಗರು ನೂಕಿಕೊಂಡು ಹೋದ್ರು. ಎರಡೂ ಬಾಜು ಮಂದಿ ನಿಂತು ಮೊಬೈಲ್‌ದಾಗ ತಗೊಂಡ್ರು. ನಮ್ಮ ಆಫೀಸಿನ್ಯಾಗ ಒಬ್ಬ ನನಗ ತೋರಿಸಿ, 'ಇದು ನಿಮ್ಮಪ್ಪನ ಗಾಡಿ ಅಲ್ಲೇನೋ' ಅಂತ ನಕ್ಕ."

"ಗಾಡಿ ಕೆಟ್ಟಿರಲಿಲ್ಲ. ದೀಪ ಆರಲಿಲ್ಲ, ಅದಕ್ಕ ನಾನ ಬಂದ್ ಮಾಡಿದೆ."

"ನಗೋರಿಗೆ ಎರಡೂ ಒಂದ ರೀ."

"ಉಣ್ಣೂ ಮುಂದ ಗಾಡಿ ಸುದ್ದಿ ಬ್ಯಾಡ," ತಾಯಿ ಶೇವಂತೆವ್ವ ಗಂಡನ ತಾಟಿಗೆ ಶೇಂಗಾ ಹಿಂಡಿ ಹಾಕುತ್ತ ಅಂದಳು. "ನನ್ನ ಬಿಪಿ ಏರತೈತಿ, ನಿಮ್ಮ ಗಾಡಿ ಬಿಪಿ ಇಳೀತೈತಿ. ಇಬ್ಬರನ್ನೂ ಕೂಡೇ ಒಂದ ಡಾಕ್ಟರ್ ಕಡೆ ಕರಕೊಂಡ ಹೋಗ್ರಿ."

ಮಾಯಾ ನಗಲಿಲ್ಲ. ಅವಳು ಐಟಿಐಯಲ್ಲಿ ಮೋಟಾರು ಮೆಕ್ಯಾನಿಕ್ ವಿಭಾಗದ ಕಿರಿಯ ತರಬೇತಿ ಅಧಿಕಾರಿ. ಮೂರು ವರ್ಷದಿಂದ ಇಂಜಿನ್ನು ಬಿಚ್ಚಿ ಕಟ್ಟುವುದನ್ನೇ ಕಲಿಸುತ್ತಿದ್ದಳು. "ಮಗಳು ಸರ್ಕಾರಿ ಅಧಿಕಾರಿ" ಎಂದು ಹುಲಗಪ್ಪ ಕಂಡಕಂಡವರಿಗೆ ಹೇಳುತ್ತಿದ್ದ. ಏನು ಕಲಿಸುತ್ತಾಳೆ ಎಂದು ಕೇಳಿದರೆ ಮಾತು ಮರೆಸುತ್ತಿದ್ದ. ಮನೆಯ ಗಾಡಿಯ ಬಾನೆಟ್ಟಿಗೆ ಅವಳ ಕೈ ತಾಗಲು ಬಿಟ್ಟಿರಲಿಲ್ಲ.

"ಅಪ್ಪಾ, ನಾ ಒಮ್ಮಿ ನೋಡ್ಲೇನ್ರಿ?"

"ನೀ ನಿಮ್ಮ ಹುಡುಗರಿಗೆ ಕಲಸವಾ. ಈ ಗಾಡಿ ನನಗ ಗೊತ್ತೈತಿ."

ಮಾರ್ಚ್ ಎರಡನೇ ವಾರದಲ್ಲಿ ಅಂಬರೀಷ ತಂದೆಯನ್ನು ಹೇಗೋ ಒಪ್ಪಿಸಿ ಗಾಡಿಯನ್ನು ಒಂದು ದೊಡ್ಡ ವರ್ಕ್‌ಶಾಪಿಗೆ ಒಯ್ದ. ಸಂಜೆ ಒಂದು ಕಾಗದ ಹಿಡಿದು ಬಂದ. ಇಂಜಿನ್ನು ಪೂರ್ತಿ ಇಳಿಸಬೇಕು, ಬೇರಿಂಗು ಸವೆದಿವೆ, ಎಂಬತ್ತೈದು ಸಾವಿರ, ಇಪ್ಪತ್ತು ದಿನ.

"ಇದಕ್ಕಷ್ಟು ಸುರಿಯೂದಕ್ಕಿಂತ ಮಾರೂದು ಛಲೋ," ಅಂದ ಅಂಬರೀಷ. "ಹಳೀ ಗಾಡಿ ತಗೊಳ್ಳಾಂವ ಒಬ್ಬ ಅದಾನ. ಈ ತಿಂಗಳ ಕಡೀ ರವಿವಾರ ಬರತಾನ."

ಹುಲಗಪ್ಪ ಕಾಗದವನ್ನು ಎರಡು ಸಲ ಓದಿ ಟಿವಿಯ ಕೆಳಗಿಟ್ಟ. "ಮಾರ್ರಿ ಹಂಗಾರ," ಎಂದು ಅಂಗಿ ಬಿಚ್ಚಿ ಮೊಳೆಗೆ ಹಾಕಿದ.

ಅಡಿಗೆಮನೆಯಿಂದ ಶೇವಂತೆವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಯಾರ್ನ ಕೇಳಿ ಮಾರತಿ? ಆ ಹಿಂದಿನ ಸೀಟಿನ್ಯಾಗ ಸಾಹೇಬರ ಹೇಣ್ತ್ಯಾರು ಕುಂದರತಿದ್ರು. ಅವರ ಮಕ್ಕಳನ್ನ ಸಾಲಿಗೆ ಬಿಡಾಕ ನಿಮ್ಮಪ್ಪ ಹೋದಾಗ ನಾ ನಿಮ್ಮನ್ನ ಬಗಲಾಗ ಎತ್ಗೊಂಡು ಬಸ್ಸಿಗೆ ನಿಂತಿರತಿದ್ದೆ. ಈಗ ಆ ಸೀಟಿನ್ಯಾಗ ನಾ ಕುಂದರತೇನಿ, ಕಾಲ ಮ್ಯಾಲ ಕಾಲ ಹಾಕಿ. ನೀ ತರೂ ಹೊಸಾ ಗಾಡ್ಯಾಗ ಆ ಸೀಟು ಇರತೈತೇನು?"

"ಅವ್ವಾ, ಭಾವನಾ ಬ್ಯಾರೆ, ಇಂಜಿನ್ ಬ್ಯಾರೆ."

"ಇಂಜಿನ್ ಸುದ್ದೀನ ಮಾತಾಡೂಣು," ಅಂದಳು ಮಾಯಾ. ಅವಳು ಆ ಕಾಗದವನ್ನು ತೆಗೆದುಕೊಂಡು ನಿಂತಿದ್ದಳು. "ಅಣ್ಣಾ, ಇದರಾಗ ಎಲ್ಲಾ ಬರದಾರ. ಎಣ್ಣಿ ಪ್ರೆಷರ್ ಎಷ್ಟೈತಿ ಅಂತ ಬರದಿಲ್ಲ. ಮೀಟರ್ ಹಚ್ಚಿ ನೋಡ್ಯಾರೇನು?"

"ಸಪ್ಪಳ ಕೇಳಿ ಹೇಳಿದ್ರು. ಇಪ್ಪತ್ತು ವರ್ಷ ಅನುಭವ ಐತಿ ಅವರಿಗೆ."

"ಡಾಕ್ಟರ್ ಅವ್ವನ ಮಾರಿ ನೋಡಿ ಬಿಪಿ ಹೇಳಿದ್ರ ನೀ ಗುಳಗಿ ತರತಿದ್ದೆಯೇನು?"

ಮಾಯಾ ತಂದೆಯ ಕಡೆ ತಿರುಗಿದಳು. "ಮಾರೂದಾದ್ರ ಮಾರ್ರಿ. ಆದ್ರ ಏನಾಗೇತಿ ಅಂತ ಗೊತ್ತಿಲ್ಲದ ಮಾರಬ್ಯಾಡ್ರಿ. ನನಗ ಎರಡು ವಾರ ಕೊಡ್ರಿ."

ಹುಲಗಪ್ಪ ಮೊಳೆಗೆ ಹಾಕಿದ ಅಂಗಿಯ ಕಿಸೆಯಿಂದ ಕೀಲಿ ತೆಗೆದ. ಅವಳ ಕೈಗೆ ಕೊಡಲಿಲ್ಲ, ಟಿವಿಯ ಮೇಲಿಟ್ಟ. ಅವಳೇ ತೆಗೆದುಕೊಂಡಳು.

ರವಿವಾರ ಬೆಳಿಗ್ಗೆ, ಗಾಡಿ ಇನ್ನೂ ತಣ್ಣಗಿರುವಾಗ, ಮಾಯಾ ಎಣ್ಣೆ ಅಳೆಯುವ ಕಡ್ಡಿ ಎಳೆದಳು. ಒರೆಸಿ ಮತ್ತೆ ಅದ್ದಿ ಎಳೆದಳು. ಎಣ್ಣೆ ಮೇಲಿನ ಗುರುತನ್ನು ದಾಟಿ ಎರಡು ಬೆರಳು ಮೇಲೆ ನಿಂತಿತ್ತು.

"ಅಪ್ಪಾ, ಎಷ್ಟ್ ಎಣ್ಣಿ ಹಾಕೀರಿ ಇದಕ್ಕ?"

"ದೀಪ ಹತ್ತಿದಾಗೊಮ್ಮೆ ಅರ್ಧ ಲೀಟರ್."

"ಕಡ್ಡಿ ನೋಡಿ?"

"ದೀಪ ಹತ್ತಿದ ಮ್ಯಾಲ ಕಡ್ಡಿ ಯಾಕ ನೋಡೂದು? ಎಣ್ಣಿ ದೀಪ ಅದು. ಎಣ್ಣಿ ಸಾಲವಲ್ದು ಅಂತ ಅದ ಹೇಳತೈತಿ."

ಇಲಾಖೆಯ ಚಾಲಕರೆಲ್ಲ ಅದನ್ನು ಕರೆಯುತ್ತಿದ್ದುದೇ ಹಾಗೆ. ದೀಪದ ಮೇಲೆ ಎಣ್ಣೆ ಗಿಂಡಿಯ ಚಿತ್ರ, ಗಿಂಡಿಯ ಮೂತಿಯಲ್ಲಿ ಒಂದು ಹನಿ. ಹಿರಿಯ ಚಾಲಕ ಕಿರಿಯನಿಗೆ ತೋರಿಸಿ, ಎಣ್ಣಿ ದೀಪ ಹತ್ತಿತಂದ್ರ ಎಣ್ಣಿ ಹಾಕು ಅನ್ನುತ್ತಿದ್ದ. ಹುಲಗಪ್ಪನೂ ಹಾಗೇ ಕಲಿತ, ಹಾಗೇ ಹತ್ತಾರು ಜನಕ್ಕೆ ಕಲಿಸಿದ.

"ಅದು ಎಣ್ಣಿ ಎಷ್ಟೈತಿ ಅಂತ ಹೇಳೂ ದೀಪ ಅಲ್ಲರಿ," ಅಂದಳು ಮಾಯಾ. "ಎಣ್ಣಿ ಎಷ್ಟು ಜೋರಿಲೆ ಹರ್ಯಾಕತ್ತೈತಿ ಅನ್ನೂದನ್ನ ಹೇಳತೈತಿ. ಟಾಕಿ ತುಂಬಿದ್ರೂ ನಳದಾಗ ನೀರು ಸಣ್ಣಗ ಬರತೈತಲ್ಲ, ಹಂಗ. ಆವಾಗ ಟಾಕಿಗೆ ಇನ್ನೂ ನೀರು ಹಾಕಿದ್ರ ಏನಾಕ್ಕೈತಿ? ಇದರಾಗರ ಇನ್ನೂ ಕೆಟ್ಟ. ಎಣ್ಣಿ ಜಾಸ್ತಿ ಆದ್ರ ಇಂಜಿನ್ ಅದನ್ನ ಮಜ್ಜಿಗಿ ಕಡದಂಗ ಕಡೀತೈತಿ. ಎಲ್ಲಾ ನೊರಿ ಆಕ್ಕೈತಿ. ನೊರಿಗೆ ಜೋರು ಇರೂದಿಲ್ಲ, ದೀಪ ಮತ್ತ ಹತ್ತತೈತಿ. ನೀವು ಮತ್ತ ಹಾಕ್ತೀರಿ."

ಮೆಟ್ಟಿಲ ಮೇಲೆ ಅಕ್ಕಿ ಹಸನು ಮಾಡುತ್ತಿದ್ದ ಶೇವಂತೆವ್ವ ಮೊರವನ್ನು ಕೆಳಗಿಟ್ಟಳು. "ಅಯ್ಯ! ಊರ ಮಂದಿ ದೀಪ ಆರಾಕತ್ತಿದ್ರ ಎಣ್ಣಿ ಹಾಕ್ತಾರ. ನೀವು ದೀಪ ಹತ್ತಿದ್ರ ಎಣ್ಣಿ ಹಾಕೀರಲ್ರೀ!"

ಅಂಬರೀಷ ಕಿಸಕ್ಕನೆ ನಕ್ಕ. ಹುಲಗಪ್ಪ ನಗಲಿಲ್ಲ. "ಮುಂದೇನು ಮಾಡಾಕಿ ಮಾಡು," ಅಂದ.

ಮಾಯಾ ಹಳೆಯ ಎಣ್ಣೆ ಇಳಿಸಿದಳು. ಅದು ಚಹಾದ ಬಣ್ಣಕ್ಕೆ ತಿರುಗಿ ಗುಳ್ಳೆಗುಳ್ಳೆಯಾಗಿ ಬಂತು. ಹೊಸ ಫಿಲ್ಟರು ಹಾಕಿ, ಗುರುತಿಗೆ ಸರಿಯಾಗಿ ಹೊಸ ಎಣ್ಣೆ ತುಂಬಿದಳು. ದೀಪದ ಸ್ವಿಚ್ಚನ್ನು ಇಂಜಿನ್ನಿನಿಂದ ಬಿಚ್ಚಿ, ಅದೇ ತೂತಿಗೆ ಐಟಿಐಯಿಂದ ಸಹಿ ಮಾಡಿ ತಂದಿದ್ದ ಮೀಟರಿನ ಪೈಪು ತಿರುಗಿಸಿದಳು. ಇಂಜಿನ್ನು ಚಾಲೂ ಆದಾಗ ಮುಳ್ಳು ಐವತ್ತು ಪೌಂಡಿಗೆ ಹೋಗಿ ನಿಂತಿತು.

"ಆತಲ್ಲ!" ಅಂದ ಹುಲಗಪ್ಪ.

"ತಣ್ಣಗಿದ್ದಾಗ ಎಲ್ಲಾ ಛಲೋನ ಇರತೈತ್ರಿ. ಬಿಸಿ ಆಗಲಿ."

ಧಾರವಾಡದವರೆಗೆ ಹೋಗಿ ಬಂದರು. ಮನೆಯ ಮುಂದೆ ನಿಲ್ಲಿಸಿದಾಗ ಮುಳ್ಳು ಹತ್ತಕ್ಕೆ ಇಳಿದಿತ್ತು. ಮಾಯಾ ಆಕ್ಸಿಲರೇಟರು ಒತ್ತಿದಳು. ಇಪ್ಪತ್ತೆರಡಕ್ಕೆ ಏರಿ ಅಲ್ಲೇ ನಿಂತಿತು. ಇನ್ನೂ ಒತ್ತಿದರೂ ಮೇಲೆ ಹೋಗಲಿಲ್ಲ.

"ಮತ್ತ ವರ್ಕ್‌ಶಾಪಿನವರೇನು ಸುಳ್ಳು ಹೇಳಿದ್ರೇನು?" ಅಂದ ಅಂಬರೀಷ. "ಬೇರಿಂಗ್ ಹೋಗ್ಯಾವ."

"ಹೋಗಿದ್ರ ಇಂಜಿನ್ ಬಡೀತಿರತಿತ್ತು."

"ಬಡೀತಿರಬೇಕು. ನಿನಗ ಕೇಳವಲ್ದು."

ಹುಲಗಪ್ಪ ಒಳಗೆ ಹೋಗಿ ಉದ್ದನೆಯ ಸ್ಕ್ರೂಡ್ರೈವರ್ ತಂದ. ಅದರ ತುದಿಯನ್ನು ಇಂಜಿನ್ನಿನ ಮೈಗೆ ಒತ್ತಿ, ಹಿಡಿಕೆಗೆ ಕಿವಿ ಹಚ್ಚಿದ. ಒಂದು ಕಡೆ, ಇನ್ನೊಂದು ಕಡೆ, ಕೆಳಗೆ. ಕಣ್ಣು ಮುಚ್ಚಿಕೊಂಡಿದ್ದ. ಮಾಯಾ ಅವನ ಕೈ ನೋಡಿಕೊಂಡು ಇಂಜಿನ್ನಿನ ವೇಗ ಏರಿಸಿದಳು, ಇಳಿಸಿದಳು. ಐದು ನಿಮಿಷವಾದ ಮೇಲೆ ಎದ್ದು ನಿಂತ.

"ಬಡಿತ ಇಲ್ಲ. ಬೇರಿಂಗ್ ಗಟ್ಟಿ ಅದಾವ."

"ಖರೇನ್ರಿ ಅಪ್ಪಾ?"

"ಎಣ್ಣಿ ದೀಪ ನನಗ ಗೊತ್ತಿರಲಿಲ್ಲ. ಇದು ಗೊತ್ತೈತಿ."

ಅಂದು ಮಧ್ಯಾಹ್ನ ತಂದೆ ಮಗಳು ಎದುರುಬದುರು ಕೂತು ಉಂಡರು. ಝುಣಕದ ಕೊನೆಯ ತುಂಡನ್ನು ಹುಲಗಪ್ಪ ಅವಳ ತಾಟಿಗೆ ಸರಿಸಿದ. ಆದರೆ ಪ್ರೆಷರ್ ಎಲ್ಲಿ ಸೋರುತ್ತಿದೆ ಎನ್ನುವುದು ಉಳಿದೇ ಇತ್ತು. ಕಡೆಯ ರವಿವಾರಕ್ಕೆ ಒಂದೇ ವಾರ.

ಶನಿವಾರ ಐಟಿಐ ಮುಗಿಸಿ ಬಂದವಳೇ ಮಾಯಾ ಗಾಡಿಯ ಕೆಳಗೆ ತೂರಿದಳು. ಹುಲಗಪ್ಪ ಬಜಾರಕ್ಕೆ ಹೋಗಿದ್ದ. ಇಂಜಿನ್ನಿನ ಹಿಂಬದಿಯಲ್ಲಿ ಟೊಪ್ಪಿಗೆಯಂಥ ಒಂದು ದೊಡ್ಡ ನಟ್ಟು ಇರುತ್ತದೆ. ಅದರೊಳಗೆ ಒಂದು ಸ್ಪ್ರಿಂಗು, ಸ್ಪ್ರಿಂಗಿನ ತುದಿಗೆ ಹೆಬ್ಬೆರಳ ಗಾತ್ರದ ಬಿರಡೆ. ಕುಕ್ಕರಿನ ಸೀಟಿಯ ಕೆಲಸವೇ ಅದರದು: ಎಣ್ಣೆಯ ಒತ್ತಡ ಮಿತಿ ಮೀರಿದಾಗ ಎದ್ದು ಹೆಚ್ಚಿನದನ್ನು ಬಿಡುತ್ತದೆ, ಉಳಿದ ಹೊತ್ತು ಬಿಗಿಯಾಗಿ ಮುಚ್ಚಿಕೊಂಡಿರುತ್ತದೆ. ಮುಚ್ಚಿಕೊಳ್ಳದೆ ಹೋದರೆ ಒತ್ತಡ ನಿಲ್ಲುವುದಿಲ್ಲ.

ಬಿರಡೆ ಕೈಗೆ ಬಂದಾಗ ಅದರ ಅಂಚಿಗೆ ಕರಿಯ ಗಂಟೊಂದು ಅಂಟಿಕೊಂಡಿತ್ತು. ಮಾಯಾ ಅದನ್ನು ಬಿಡಿಸಿ, ಅಡಿಗೆಮನೆಯ ವಾಟಿಯಲ್ಲಿ ಸೀಮೆಎಣ್ಣೆ ಹಾಕಿ ತೊಳೆದಳು.

"ಸಾರಿನ ವಾಟಿ ಅದು!" ಶೇವಂತೆವ್ವ ಕೂಗಿದಳು. "ನಿನ್ನ ಗ್ರೀಸು ತೊಳ್ಯಾಕ ನನ್ನ ವಾಟಿ ಬೇಕಾತೇನು?"

"ಅವ್ವಾ, ಇಲ್ಲಿ ಬಾ. ಇದೇನು ನೋಡು."

ಕರಿ ಬಿಟ್ಟ ಮೇಲೆ ಉಳಿದದ್ದು ನೂಲಿನ ಗಂಟು. ಕೆಂಪು ಎಳೆಗಳು, ನಡುವೆ ಒಂದೆರಡು ಬಿಳಿ. ಶೇವಂತೆವ್ವ ಅದನ್ನು ಬೆರಳಲ್ಲಿ ತಿಕ್ಕಿ ನೋಡಿದಳು.

"ಇದು ನನ್ನ ಇಲಕಲ್ ಸೀರಿ ಸೆರಗಿಂದು. ಹರದಿತ್ತು ಅಂತ ಅವರಿಗೆ ಕೊಟ್ಟಿದ್ದೆ, ಎಣ್ಣಿ ಸೋಸಾಕ."

ಮಾಯಾ ತಂದೆ ಬರುವ ದಾರಿಯ ಕಡೆ ನೋಡಿದಳು.

"ಹೇಳಬ್ಯಾಡ," ಅಂದಳು ಶೇವಂತೆವ್ವ. "ಯಾವುದೋ ಪಾರ್ಟ್ ಹೋಗಿತ್ತು ಅಂದುಬಿಡು. ಮೊದಲ ಆ ದೀಪದ ಮಾತಿಗೆ ಸೊರಗ್ಯಾರ."

"ಹೇಳದಿದ್ರ ಮುಂದಿನ ತಿಂಗಳ ಮತ್ತ ಸೋಸಿ ಹಾಕ್ತಾರ."

"ಅರಿವಿ ನಾ ಒಲಿಗೆ ಹಾಕಿಬಿಡತೇನಿ."

"ಇನ್ನೊಂದು ಅರಿವಿ ತಗೋತಾರ. ಅವ್ವಾ, ನನ್ನ ಕೈಯಾಗ ಕಲಿಯೂ ಹುಡುಗ ತಪ್ಪು ಮಾಡಿದ್ರ ನಾ ಹೇಳತೇನಿ. ಅಪ್ಪಗ ಯಾಕ ಸುಳ್ಳು ಹೇಳಬೇಕು? ಅವರೇನು ಅಷ್ಟು ಸಣ್ಣವರೇನು?"

ಹುಲಗಪ್ಪ ಕಾಯಿಪಲ್ಯೆಯ ಚೀಲ ಇಡುತ್ತಲೇ ಮಾಯಾ ವಾಟಿಯನ್ನು ಅವನ ಮುಂದೆ ಹಿಡಿದಳು. ಎಲ್ಲಿ ಸಿಕ್ಕಿತು, ಏನು ಮಾಡಿತ್ತು ಎಂದು ನಾಲ್ಕು ಮಾತಿನಲ್ಲಿ ಹೇಳಿದಳು. ಅವನು ಎಳೆಯನ್ನು ಬೆಳಕಿಗೆ ಹಿಡಿದು ನೋಡಿದ.

"ಮೂವತ್ತೆರಡು ವರ್ಷ ಸೋಸೇನಿ," ಅಂದ. "ಸೋಸದ ಒಂದ ಹನಿ ಹಾಕಿಲ್ಲ. ಉಳಿದ ಡ್ರೈವರ್‌ಗೋಳು ಹಂಗ ಸುರೀತಿದ್ರು. ನಾ ಸೋಸತಿದ್ದೆ."

"ಆವಾಗ ಬ್ಯಾರಲ್‌ದಾಗ ಬರತಿತ್ರಿ, ಕಸ ಇರತಿತ್ತು. ಸೋಸಿದ್ದು ಸರೀನ ಇತ್ತು. ಈಗ ಸೀಲ್ ಡಬ್ಬಿ. ಇದರಾಗಿನ ಕಸ ಅಂದ್ರ ನಿಮ್ಮ ಅರಿವಿ ಒಂದ."

"ಅಂದ್ರ ಗಾಡಿ ಕೆಡಿಸಿದಾಂವ ನಾನ."

"ಹೌದ್ರಿ."

ಶೇವಂತೆವ್ವ ಮಗಳನ್ನು ಸುಟ್ಟುಬಿಡುವಂತೆ ನೋಡಿದಳು. ಹುಲಗಪ್ಪ ವಾಟಿಯನ್ನು ಕಟ್ಟೆಯ ಮೇಲಿಟ್ಟು, ಕಾಲು ತೊಳೆಯದೆ ಒಳಗೆ ಹೋದ. ಸಂಜೆ ಮಾಯಾ ಬಿರಡೆಯನ್ನು ಹೊಳೆಯುವಂತೆ ಉಜ್ಜಿ, ಮತ್ತೆ ಕೂರಿಸಿ, ಗಾಡಿ ಬಿಸಿ ಮಾಡಿ ನೋಡಿದಳು. ನಿಂತಲ್ಲಿ ಇಪ್ಪತ್ತು, ಓಡುವಾಗ ಐವತ್ತು. ಒಳಗೆ ಬಂದು ಹೇಳಿದಳು. "ಹೂಂ," ಅಂದ ಹುಲಗಪ್ಪ, ಗೋಡೆಯ ಕಡೆ ಮಗ್ಗುಲಾಗಿ.

ಹಳೇ ಗಾಡಿ ಕೊಳ್ಳುವವನು ಮರುದಿನ ಬರಬೇಕಿತ್ತು. ಅಂಬರೀಷ ಅವನಿಗೆ ಫೋನು ಮಾಡಿ ಒಂದು ವಾರ ಮುಂದೂಡಿದ. ಆ ವಾರವಿಡೀ ಹುಲಗಪ್ಪ ಗಾಡಿ ಒರೆಸಲಿಲ್ಲ. ಮುಂಜಾನೆ ಅವನ ಕೆಲಸವೇ ಅದಾಗಿತ್ತು. ಈಗ ಚಹಾ ಕುಡಿದು ನೇರ ಉಣಕಲ್ ಕೆರೆಯ ಕಡೆ ನಡೆದುಬಿಡುತ್ತಿದ್ದ. ಗಾಜಿನ ಮೇಲೆ ಧೂಳು ಕೂತಿತು. ಶೇವಂತೆವ್ವ ಬೈದುಕೊಳ್ಳುತ್ತ ಒಂದು ದಿನ ನೀರು ಹೊಡೆದಳು. ಮಾಯಾಳ ಡಬ್ಬಿಗೆ ಎರಡು ದಿನ ಬರೀ ರೊಟ್ಟಿ ಚಟ್ನಿ ಬಂತು. ಅದು ತಾಯಿಯ ಸಿಟ್ಟು ಎಂದು ಅವಳಿಗೆ ತಿಳಿಯಿತು. ತಿಂದು ಡಬ್ಬಿ ತೊಳೆದಿಟ್ಟಳು. ತಾನು ಹೇಳಿದ್ದರಲ್ಲಿ ಒಂದಕ್ಷರವನ್ನೂ ವಾಪಸು ತೆಗೆದುಕೊಳ್ಳುವ ಮನಸ್ಸು ಅವಳಿಗಿರಲಿಲ್ಲ.

ಗುರುವಾರ ಊಟದಲ್ಲಿ ಅಂಬರೀಷ ತನ್ನ ಷರತ್ತು ಹೇಳಿದ. "ಓಡೂ ಗಾಡಿಗೆ ಏನೂ ಆಗೂದಿಲ್ಲ. ಮೆರವಣಿಗ್ಯಾಗ ಅದು ಓಡೂದಿಲ್ಲ, ತೆವಳತೈತಿ. ಏಪ್ರಿಲ್ ಬಿಸಲು. ರವಿವಾರ ಹನ್ನೆರಡರಿಂದ ಎರಡರ ತನಕ ಮನಿ ಮುಂದ ಚಾಲೂ ಇಟ್ಟು ನಿಲ್ಲಸು. ಹದಿನೈದರ ಕೆಳಗ ಒಮ್ಮಿ ಇಳೀಲಿ, ಜೀಪು ಬರತೈತಿ, ಇದು ಹೋಗತೈತಿ."

"ಇಳೀದಿದ್ರ?" ಮಾಯಾ ಕೇಳಿದಳು.

"ಇಳೀದಿದ್ರ ನಾನ ಹಾರ ಕಟ್ಟತೇನಿ."

ರವಿವಾರ ಹನ್ನೆರಡಕ್ಕೆ ಇಂಜಿನ್ನು ಚಾಲೂ ಆಯಿತು. ನೆರಳಿಲ್ಲದ ರಸ್ತೆ. ಬಾನೆಟ್ಟು ಮುಟ್ಟಿದರೆ ಕೈ ಸುಡುತ್ತಿತ್ತು. ಮಾಯಾ ಮೀಟರನ್ನು ಗಾಜಿನ ಮುಂದೆ ಕಾಣುವಂತೆ ಕಟ್ಟಿ, ಸ್ಟೂಲು ಹಾಕಿಕೊಂಡು ಕೂತಳು. ಅಂಬರೀಷ ಮೊಬೈಲಿನಲ್ಲಿ ಹೊತ್ತು ಹಚ್ಚಿಕೊಂಡು ಕಟ್ಟೆಯ ಮೇಲೆ ಕೂತ. ಎದುರು ಮನೆಯವರು ಕಿಟಕಿ ತೆಗೆದು, "ಏನವಾ, ಗಾಡಿಗೆ ಬಿಸಲು ಕಾಸಾಕತ್ತೀಯೇನು?" ಎಂದು ಕೇಳಿದರು. ಶೇವಂತೆವ್ವ ಒಬ್ಬರಾದ ಮೇಲೆ ಒಬ್ಬರನ್ನು ಊಟಕ್ಕೆ ಕರೆದಳು, ಯಾರೂ ಏಳಲಿಲ್ಲ. ಕೊನೆಗೆ ರೊಟ್ಟಿ ಸುತ್ತಿ ಕೈಗೇ ತಂದುಕೊಟ್ಟಳು. ಮಾಯಾಳ ರೊಟ್ಟಿಯೊಳಗೆ ಆ ದಿನ ಬದನೆಕಾಯಿ ಎಣ್ಣೆಗಾಯಿ ಇತ್ತು.

ಒಂದು ಗಂಟೆಗೆ ಮುಳ್ಳು ಹತ್ತೊಂಬತ್ತರಲ್ಲಿತ್ತು. ಒಂದೂ ಕಾಲಿಗೆ ಹದಿನೆಂಟು. ಅಂಬರೀಷ ಎದ್ದು ಹತ್ತಿರ ಬಂದ. ಮಾಯಾ ಸೆರಗಿನಂತೆ ಹೊದ್ದ ವೇಲಿನಿಂದ ಬೆವರು ಒರೆಸಿಕೊಂಡಳು.

ಆಗ ಹುಲಗಪ್ಪ ಹೊರಗೆ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಕುರ್ಚಿ, ಕಣ್ಣಿಗೆ ಓದುವ ಕನ್ನಡಕ. ಮಗಳ ಪಕ್ಕಕ್ಕೆ ಕುರ್ಚಿ ಹಾಕಿ ಮೀಟರಿನ ಕಡೆ ಬಾಗಿದ.

"ಹದಿನೆಂಟು," ಎಂದು ಜೋರಾಗಿ ಓದಿದ. ಹತ್ತು ನಿಮಿಷ ಬಿಟ್ಟು ಮತ್ತೆ, "ಹದಿನೆಂಟು." ಮತ್ತೆ ಹತ್ತು ನಿಮಿಷ ಬಿಟ್ಟು, "ಹದಿನೆಂಟು. ಅಂಟಿಕೊಂಡೈತಿ ಮಗಂದು, ಅಳಗಾಡವಲ್ದು."

ಎರಡು ಗಂಟೆಗೆ ಸರಿಯಾಗಿ ಸಮಿತಿಯ ಅಧ್ಯಕ್ಷ ಹುಲಗೇಶ ಬೈಕಿನಲ್ಲಿ ಬಂದಿಳಿದ. ಕರಪತ್ರ ಅಚ್ಚಿಗೆ ಕೊಡಬೇಕಿತ್ತು, ವಾಹನ ಯಾವುದು ಅಂತ ಗೊತ್ತಾಗಬೇಕಿತ್ತು. ಅಂಬರೀಷ ಮೊಬೈಲು ನೋಡಿ, ಮುಳ್ಳು ನೋಡಿ, ತಂದೆಯನ್ನು ನೋಡಿ, "ಇದ ಗಾಡಿ," ಅಂದ.

"ಏನಾಗಿತ್ರಿ ಕಾಕಾ ಹೋದ ವರ್ಷ?" ಹುಲಗೇಶ ಕೇಳಿದ.

"ಒಂದು ಸಣ್ಣ ಪಾರ್ಟ್ ಹೋಗಿತ್ತು," ಅಂಬರೀಷ ನಡುವೆ ಬಾಯಿ ಹಾಕಿದ.

"ಪಾರ್ಟ್ ಅಲ್ಲ, ನಾನ," ಅಂದ ಹುಲಗಪ್ಪ. "ಬ್ಯಾಡಾದಷ್ಟು ಎಣ್ಣಿ ಹಾಕಿದ್ದೆ. ಸೋಸೂ ಅರಿವಿ ಎಳಿ ಒಳಗ ಬಿಟ್ಟಿದ್ದೆ. ದೊಡ್ಡ ವರ್ಕ್‌ಶಾಪಿನವರು ಇಂಜಿನ್ ಇಳಸ್ತೇವಿ ಅಂದಿದ್ರು. ಈಕಿ ಒಂದ ನಟ್ ಬಿಚ್ಚಿ ಹಿಡದಳು. ಅಪ್ಪನ ತಪ್ಪನ್ನ ಅಪ್ಪನ ಮಾರಿ ಮುಂದ ಇಟ್ಟಳು, ಹೆದರಲಿಲ್ಲ. ಕರಪತ್ರದಾಗ ಈಕಿ ಹೆಸರು ಹಾಕು."

"ಅಪ್ಪಾ, ಕರಪತ್ರದಾಗ ಮೆಕ್ಯಾನಿಕ್ ಹೆಸರು ಯಾರ ಹಾಕ್ತಾರ್ರಿ?" ಅಂದ ಅಂಬರೀಷ.

"ಪೆಂಡಾಲ್‌ದಾಂವನ ಹೆಸರು ಹಾಕ್ತೀರಿ. ಮೈಕ್‌ದಾಂವನ ಹೆಸರು ಹಾಕ್ತೀರಿ. ಐನೂರು ರೂಪಾಯಿ ಕೊಟ್ಟಾಂವನ ಹೆಸರು ಫೋಟೋ ಕೂಡ ಹಾಕ್ತೀರಿ. ಬರಿ."

ಅಂಬರೀಷ ಮೊಬೈಲಿನಲ್ಲಿ ಬರೆಯತೊಡಗಿದ. "ವಾಹನ ದುರಸ್ತಿ, ಕುಮಾರಿ ಮಾಯಾ…"

"ಕುಮಾರಿ ಗಿಮಾರಿ ಬ್ಯಾಡ. ಮಾಯಾ ಹುಲಗಪ್ಪ ದೊಡ್ಡಮನಿ, ಕಿರಿಯ ತರಬೇತಿ ಅಧಿಕಾರಿ, ಮೋಟಾರು ಮೆಕ್ಯಾನಿಕ್ ವಿಭಾಗ. ಮೋಟಾರು ಮೆಕ್ಯಾನಿಕ್ ಅನ್ನೂದು ದಪ್ಪ ಅಕ್ಷರದಾಗ ಬರಲಿ."

ಮಾಯಾ ಇಂಜಿನ್ನು ಬಂದ್ ಮಾಡಿದಳು. ರಸ್ತೆ ಒಮ್ಮೆಗೇ ಶಾಂತವಾಯಿತು. ಅವಳು ಮೀಟರಿನ ಪೈಪು ಬಿಚ್ಚುವ ನೆವದಲ್ಲಿ ಬಾನೆಟ್ಟಿನೊಳಗೆ ತಲೆ ಹಾಕಿದಳು. ಪೈಪು ಇನ್ನೂ ಕಾದಿತ್ತು, ಬಿಚ್ಚುವ ಹಾಗಿರಲಿಲ್ಲ.

"ಮತ್ತ ನಿಮ್ಮ ಹೆಸರಿನ ಮುಂದ ಏನ್ ಬರೀಲ್ರಿ ಅಪ್ಪಾ?" ಅಂಬರೀಷ ಕೇಳಿದ. "ವಾಹನ ಮಾಲೀಕರು ಅಂತ ಹಾಕ್ಲೇನು?"

ಹುಲಗಪ್ಪ ಕನ್ನಡಕ ತೆಗೆದು ಕಿಸೆಗಿಟ್ಟುಕೊಂಡ.

"ಚಾಲಕರು ಅಂತ ಬರಿ. ಅದರಾಗ ಇನ್ನೂ ಯಾರೂ ನನ್ನ ತಪ್ಪು ಹಿಡದಿಲ್ಲ."